ಲಚ್ಚಿಗೆ ಬೆಲೆ ಕಟ್ಟಿದ ಮಳೆಗಾಲ

ಹೋದ ತಿಂಗಳು ನಾದಿನಿಯ ಮದುವೆ ಅಂತ ನನ್ನನ್ನೂ ಹೊಸೂರಿನ ಒಂದು ಬ್ಯೂಟಿ ಪಾರ್ಲರಿಗೆ ಎಳೆದುಕೊಂಡು ಹೋದರು. ಮದುವೆ ಹೆಣ್ಣಿಗೆ ಅಲಂಕಾರ ಸರಿ, ಹೆಣ್ಣಿನ ಅತ್ತಿಗೆಗೂ ಯಾಕೆ ಎಂದು ಕೇಳಿದರೂ ಬಿಡಲಿಲ್ಲ. ಒರಗು ಕುರ್ಚಿಯಲ್ಲಿ ಮಲಗಿಸಿ, ಕಣ್ಣು ಮುಚ್ಚಿಸಿ, ಅಲ್ಲಿಯ ಹುಡುಗಿ ಮುಖಕ್ಕೆ ತಣ್ಣಗಿನ ಲೇಪವೊಂದನ್ನು ಬಳಿದಳು. "ಎಲ್ಲಾ ನ್ಯಾಚುರಲ್ ಅಕ್ಕಾ. ಲೋಳೆಸರ, ಅರಿಶಿನ, ಅಷ್ಟೇ," ಎಂದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಕೂತುಬಿಟ್ಟೆ.

"ಯಾಕಕ್ಕಾ, ಉರೀತಾ?"

"ಉರಿಯಲ್ಲ. ಇದಕ್ಕೆ ಚೂರು ಸುಣ್ಣ ಹಾಕಿದ್ರೆ ಹಸು ಕೆಚ್ಚಲಿಗೆ ಹಚ್ಚೋ ಮದ್ದು," ಎಂದೆ.

ಪಾರ್ಲರಿನಲ್ಲಿದ್ದವರೆಲ್ಲ ನಕ್ಕರು. ನಾದಿನಿಯ ಮುಖ ಮಾತ್ರ ಹುಳ್ಳಗಾಯಿತು. ನಾನೂ ನಕ್ಕೆ. ಆಮೇಲೆ ಮುಖ ತೊಳೆದುಕೊಳ್ಳುವಾಗ ಅಳು ಬಂತು, ಅರಿಶಿನ ಕಣ್ಣಿಗೆ ಹೋಗಿರಬೇಕು ಎಂದು ಎಲ್ಲರೂ ಅಂದುಕೊಂಡರು. ನಾನೂ ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟುಬಿಟ್ಟೆ. ಲಚ್ಚಿಯ ಕಥೆಯನ್ನು ಪಾರ್ಲರಿನಲ್ಲಿ ನಿಂತು ಹೇಳಲಾಗುತ್ತದೆಯೇ?

ಆಗ ನಾವು ಜೂಜುವಾಡಿಯಲ್ಲಿದ್ದೆವು. ಅತ್ತಿಬೆಲೆಯ ಗಡಿ ದಾಟಿ ಈಚೆಗೆ, ತಮಿಳುನಾಡಿನ ಕಡೆ ಬಂದರೆ ಮೊದಲು ಸಿಗುವುದೇ ಲಾರಿಗಳ ಸಾಲು. ಆ ಸಾಲಿನ ಹಿಂದೆ ಪಂಕ್ಚರ್ ಅಂಗಡಿ, ಅದರ ಹಿಂದೆ ಒಂದು ಬಯಲು, ಬಯಲಿನ ಮೂಲೆಯಲ್ಲಿ ಒಂದು ಸಾಲು ಬಾಡಿಗೆ ಮನೆ. ಜಾಗದ ಮಾಲೀಕರು ಬೆಂಗಳೂರಿನಲ್ಲಿದ್ದರು. ಬಯಲು ಖಾಲಿ ಬಿದ್ದಿದ್ದರೆ ಯಾರಾದರೂ ಬೇಲಿ ಹಾಕಿಬಿಡುತ್ತಾರೆ ಎಂಬ ಭಯಕ್ಕೆ, ನಮಗೆ ಅಲ್ಲಿ ಶೀಟಿನ ಕೊಟ್ಟಿಗೆ ಕಟ್ಟಿಕೊಳ್ಳಲು ಬಿಟ್ಟಿದ್ದರು. ಅಪ್ಪ ಮಾಗಡಿ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆಂದು ಬಂದವರು. ಅಮ್ಮ ಅಪ್ಪನ ಹಿಂದೆ ಬಂದವಳು, ಆದರೆ ಬರುವಾಗ ದನದ ಆಸೆಯನ್ನೂ ಕಟ್ಟಿಕೊಂಡೇ ಬಂದಳು. ಅಪ್ಪನ ಸಂಬಳ ಬಾಡಿಗೆಗೆ ಮತ್ತು ರೇಷನ್ನಿಗೆ, ಅಮ್ಮನ ಹಾಲು ನನ್ನ ಕಾಲೇಜಿಗೆ. ಲಾರಿಯವರ ಟೀ ಅಂಗಡಿಗಳಿಗೆಲ್ಲ ಹಾಲು ಹಾಕುತ್ತಿದ್ದವಳು ಅವಳೇ.

ಅಮ್ಮನಿಗೆ ಎರಡು ಹಸು ಇದ್ದವು, ಗೌರಿ ಮತ್ತು ಲಚ್ಚಿ. ಎರಡೂ ಸೀಮೆ ಹಸುವಿನ ಮಿಶ್ರತಳಿ. ಗೌರಿ ದೊಡ್ಡವಳು, ಗಂಭೀರ. ಲಚ್ಚಿ ಕಪ್ಪು ಮೈಗೆ ಬಿಳಿ ತೇಪೆ ಹಾಕಿಕೊಂಡ ತರಲೆ. ಹಾಲಿನ ಪಾತ್ರೆಯ ಸದ್ದು ಕೇಳಿದರೆ ಸಾಕು, ಅಮ್ಮ ಕೆಚ್ಚಲು ಮುಟ್ಟುವ ಮೊದಲೇ ಸೊರೆಬಿಟ್ಟು ತೊಟ್ಟಿನಿಂದ ಹಾಲು ತೊಟ್ಟಿಕ್ಕಿಸುತ್ತಿದ್ದಳು. "ಇವಳಿಗೆ ಚೂರೂ ಬಿಗುಮಾನ ಇಲ್ಲ ಕಣೇ, ನಿನ್ನಂಗೇ," ಎಂದು ಅಮ್ಮ ನನ್ನನ್ನು ಚುಚ್ಚುತ್ತಿದ್ದಳು.

ಆ ವರ್ಷ ಆಷಾಢದ ಗಾಳಿಯ ಜೊತೆಗೇ ಎರಡು ಸುದ್ದಿ ಬಂದವು. ಮಾಲೀಕರು ಬಯಲನ್ನು ಮಾರಿದ್ದರು. ಹೊಸಬರು ಗೋಡೌನ್ ಕಟ್ಟುತ್ತಾರೆ, ಆಯುಧಪೂಜೆಗೆ ಮೊದಲು ಮನೆಗಳೂ ಕೊಟ್ಟಿಗೆಯೂ ಖಾಲಿಯಾಗಬೇಕು. ಇನ್ನೊಂದು, ದನಗಳಿಗೆ ಚರ್ಮದ ಗಂಟು ರೋಗ ಹಬ್ಬುತ್ತಿದೆ, ಸಂತೆಗಳು ನಿಲ್ಲುತ್ತವೆ ಎಂಬ ಸುದ್ದಿ. ಹೊಸ ಮನೆ ಎಂದರೆ ಮಹಡಿ ಮೇಲಿನ ಮನೆಯೇ. ಹೊಸೂರಿನಲ್ಲಿ ಯಾರು ಹಸುವಿಗೆ ಜಾಗ ಕೊಡುತ್ತಾರೆ? ಮಾರಲೇಬೇಕಿತ್ತು. ಮಾರಿದ ಹಣವೇ ಹೊಸ ಮನೆಯ ಅಡ್ವಾನ್ಸ್.

ಅಮ್ಮ ಹೆದರಿ ಗೌರಿಯನ್ನು ಮೊದಲು ಮಾರಿದಳು. ಸಂತೆ ನಿಂತುಬಿಟ್ಟರೆ ಕೇಳುವವರೇ ಇರುವುದಿಲ್ಲ ಎಂದು, ಮನೆ ಬಾಗಿಲಿಗೆ ಬಂದವನಿಗೆ ನಲವತ್ತು ಸಾವಿರಕ್ಕೆ ಕೊಟ್ಟಳು. ಆಗಿದ್ದು ಉಲ್ಟಾ. ಸಂತೆ ನಿಂತ ಮೇಲೆ ಕರೆಯುವ ಹಸು ಸಿಗುವುದೇ ಕಷ್ಟವಾಗಿ ಬೆಲೆ ಏರಿತು. ದಲ್ಲಾಳಿ ಗೋವಿಂದಣ್ಣ ಒಂದು ಮಧ್ಯಾಹ್ನ ಬಂದು, ನಮ್ಮ ಮನೆಯ ಟೀ ಕುಡಿಯುತ್ತಲೇ ಅಮ್ಮನ ಹೊಟ್ಟೆಗೆ ಬೆಂಕಿ ಇಟ್ಟ.

"ಜಯಮ್ಮಾ, ನಿಮ್ಮ ಗೌರಿ ಬಾಗಲೂರು ಕಡೆ ಕೈ ಬದಲಾಯ್ತು. ಅರವತ್ತೈದು ಸಾವಿರ. ಅವಸರಪಟ್ಟುಬಿಟ್ರಿ ನೀವು. ಕೊಂಚಂ ಪೊರುಮೆ ಬೇಕು ಈ ಯಾಪಾರಕ್ಕೆ, ಪೊರುಮೆ!"

ಗೋವಿಂದಣ್ಣ ಕೃಷ್ಣಗಿರಿಯವನು. ಬೆಲೆ ಹೇಳುವಾಗ ತಮಿಳು, ಆಣೆ ಇಡುವಾಗ ತೆಲುಗು, ಟೀ ಕೇಳುವಾಗ ಕನ್ನಡ. ಅವನು ಹೇಳಿದ ಪೊರುಮೆ, ಅಂದರೆ ತಾಳ್ಮೆ, ಅಮ್ಮನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಅವತ್ತು ರಾತ್ರಿ ಅವಳು ಊಟ ಮಾಡಲಿಲ್ಲ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಲಚ್ಚಿಯ ವಿಷಯಕ್ಕೆ ಅಮ್ಮ ಊದುತ್ತಲೇ ಕೂತಳು, ಮಜ್ಜಿಗೆ ಹುಳಿಯಾಗಿ ಹೋಗುವವರೆಗೂ.

ಶ್ರಾವಣದಲ್ಲಿ ಲಚ್ಚಿ ಎರಡನೆಯ ಸೂಲಿಗೆ ಹೆಣ್ಣು ಕರು ಹಾಕಿದಳು. ಥೇಟ್ ತಾಯಿಯದೇ ತೇಪೆ. ಕರೆಯುವ ಹಸುವಿನ ಕೆಳಗೆ ಹೆಣ್ಣು ಕರು ಇದ್ದರೆ ಅದಕ್ಕಿಂತ ಒಳ್ಳೆಯ ಕಾಲ ಮಾರುವುದಕ್ಕೆ ಇಲ್ಲ. ಗಿಣ್ಣು ಹಾಲು ಮುಗಿದು ಹಾಲು ತಿಳಿಯಾದ ವಾರವೇ ತೊರಪಲ್ಲಿ ಅಗ್ರಹಾರದಿಂದ ವಸುಂಧರಾ ಟೀಚರ್ ಬಂದರು. ನಾನು ಓದಿದ ಶಾಲೆಯಲ್ಲೇ ಕನ್ನಡ ಹೇಳುತ್ತಿದ್ದವರು, ತಲೆಮಾರುಗಳಿಂದ ಅಲ್ಲೇ ಇರುವ ಮನೆತನ. ಹಿತ್ತಿಲಿನಲ್ಲಿ ಎರಡು ಹಸು ಕಟ್ಟಿದ್ದರು, ಇನ್ನೊಂದು ಬೇಕಿತ್ತು. ಅವರು ಲಚ್ಚಿಯ ಹಲ್ಲು ನೋಡಲಿಲ್ಲ, ಸುಳಿ ನೋಡಲಿಲ್ಲ. ಗಂಗೆದೊಗಲು ಸವರುತ್ತ ಸುಮ್ಮನೆ ನಿಂತರು. ಲಚ್ಚಿ ಅವರ ಸೀರೆಯ ಸೆರಗನ್ನು ಬಾಯಿಗೆ ಹಾಕಿಕೊಂಡಳು.

"ಅರವತ್ತೈದು ಕೊಡ್ತೀನಿ ಜಯಮ್ಮ. ನನಗೆ ಚೌಕಾಸಿ ಬರಲ್ಲ. ಇದೇ ಮೊದಲನೇ ಮಾತು, ಇದೇ ಕೊನೇ ಮಾತು," ಎಂದರು.

ಗೌರಿಯ ಬೆಲೆಯೇ ಅದು. ನನ್ನ ಮನಸ್ಸು ಹೂಂ ಅನ್ನು, ಹೂಂ ಅನ್ನು ಎನ್ನುತ್ತಿತ್ತು. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಮೊಬೈಲು ನೋಡುತ್ತಿದ್ದರು. ಹಸು ಮಾರುವವರ ವಾಟ್ಸಾಪ್ ಗುಂಪುಗಳಿಗೆ ಅವರು ಆಗಷ್ಟೇ ಸೇರಿದ್ದರು. ಯಾವುದೋ ಊರಿನ ಯಾವುದೋ ಹಸುವಿನ ವಿಡಿಯೋ, ಅದರ ಮೇಲೆ ತೊಂಬತ್ತು ಸಾವಿರ ಎಂದು ಬರೆದಿರುತ್ತಿತ್ತು. ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟುವುದು ಅಂತಾರಲ್ಲ, ಇದು ಮೊಬೈಲಿನೊಳಗಿನ ಹಸು. ಅದು ಆ ಬೆಲೆಗೆ ಹೋಯಿತೋ ಇಲ್ಲವೋ ಯಾರೂ ಹಾಕುತ್ತಿರಲಿಲ್ಲ.

"ಸಂತೆ ತೆಗೀಲಿ ಟೀಚರಮ್ಮ, ನೋಡವಾ," ಎಂದಳು ಅಮ್ಮ.

ಟೀಚರ್ ಬೇಸರ ಮಾಡಿಕೊಳ್ಳಲಿಲ್ಲ. "ಯೋಚನೆ ಮಾಡಿ. ಇವಳು ನನಗೆ ಒಗ್ಗಿದ್ದಾಳೆ," ಎಂದು ಸೆರಗು ಬಿಡಿಸಿಕೊಂಡು ಹೊರಟರು.

ಸಂತೆ ತೆಗೆದದ್ದು ಭಾದ್ರಪದದಲ್ಲಿ. ಕುಂದಾರಪಳ್ಳಿಯ ಶುಕ್ರವಾರದ ಸಂತೆ. ಗೋವಿಂದಣ್ಣ ಮೊದಲೇ ಬಂದು ಪಾಠ ಹೇಳಿಕೊಟ್ಟ: ಗುರುವಾರ ಸಂಜೆ ಕರೆಯಬೇಡಿ, ಶುಕ್ರವಾರ ಬೆಳಿಗ್ಗೆಯೂ ಕರೆಯಬೇಡಿ, ಕರುವನ್ನೂ ಬಿಡಬೇಡಿ. ಕೆಚ್ಚಲು ತುಂಬಿ ತೊಟ್ಟುಗಳು ನಾಲ್ಕು ದಿಕ್ಕಿಗೆ ಸೆಟೆದು ನಿಂತರೆ ಕೊಳ್ಳುವವನ ಕಣ್ಣು ಅಲ್ಲೇ ಬೀಳುತ್ತದೆ. ಇದಕ್ಕೆ ಕೆಚ್ಚಲು ಕಟ್ಟಿಸುವುದು ಎನ್ನುತ್ತಾರೆ. ಮೋಸ ಎನ್ನುವಂತೆಯೂ ಇಲ್ಲ. ಸಂತೆಗೆ ಬರುವ ಹಸುಗಳೆಲ್ಲ ಹಾಗೆಯೇ ಬರುತ್ತವೆ. ಕೊಳ್ಳುವವನಿಗೂ ಗೊತ್ತು, ಮಾರುವವನಿಗೂ ಗೊತ್ತು. ಹಸುವಿಗೆ ಮಾತ್ರ ನೋವು. ಊರಿನಲ್ಲಿ ಹಾಲು ಕರೆದು ಬೆಳೆದ ಅಮ್ಮನಿಗೆ ಇದು ಇಷ್ಟವಿರಲಿಲ್ಲ. ಆದರೆ ಕಟ್ಟಿಸದೆ ಹೋದರೆ ಕಟ್ಟಿಸಿದ ಹಸುಗಳ ನಡುವೆ ಲಚ್ಚಿ ಬತ್ತಿದವಳಂತೆ ಕಾಣುತ್ತಾಳೆ. ಒಪ್ಪಿದಳು.

ಸಂತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಷ್ಟು ದಿನ ತಡೆದಿದ್ದವರೆಲ್ಲ ಒಂದೇ ಸಲಕ್ಕೆ ಹಸು ತಂದಿದ್ದರು. ಬೆಲೆ ಏರುತ್ತೆ ಎಂದು ಕಾದಿದ್ದು ನಾವೊಬ್ಬರೇ ಎಂದುಕೊಂಡಿದ್ದೆವು ನೋಡಿ, ನಾಡಿಗೆ ನಾಡೇ ಕಾದಿತ್ತು! ಜಿಟಿಜಿಟಿ ಮಳೆ, ಸಗಣಿ ಮಿದ್ದ ಕೆಸರು, ಗಂಜಲದ ಘಾಟು. ಕೊಳ್ಳುವವರು ಕೊಡೆ ಹಿಡಿದು ಮೆರವಣಿಗೆ ನೋಡುವವರ ಹಾಗೆ ಸಾಗುತ್ತಿದ್ದರು. ಒಬ್ಬ ಲಚ್ಚಿಯ ಮುಂದೆ ನಿಂತ. ಗೋವಿಂದಣ್ಣ ಅಪ್ಪನ ಕೈ ಹಿಡಿದು ಟವೆಲ್ ಮುಚ್ಚಿದ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ, ಪಕ್ಕದವರಿಗೆ ಗೊತ್ತಾಗಬಾರದೆಂದು. ಹೆಂಗಸರ ಕೈ ಆ ಟವೆಲಿನ ಒಳಗೆ ಹೋಗುವುದಿಲ್ಲ. ಲಚ್ಚಿಯನ್ನು ಕರುವಿನಿಂದ ಸಾಕಿದವಳು ಅಮ್ಮ. ಬೆಲೆ ಗೊತ್ತಿದ್ದದ್ದು ಅಪ್ಪನ ಬೆರಳಿಗೆ. ಅಮ್ಮ ಮಳೆಯಲ್ಲಿ ನಿಂತು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಎಪ್ಪತ್ತಕ್ಕೆ ಕಡಿಮೆ ಬೇಡ ಎಂದು ಅವಳು ಮೊದಲೇ ಹೇಳಿಟ್ಟಿದ್ದಳು. ಅಪ್ಪ ತಲೆ ಅಲ್ಲಾಡಿಸಿ ಕೈ ಎಳೆದುಕೊಂಡರು.

"ಎಷ್ಟಕ್ಕೆ ಕೇಳ್ದ?" ಎಂದಳು ಅಮ್ಮ.

"ಐವತ್ತೆಂಟು."

ಗೋವಿಂದಣ್ಣನೇ ಸಮಾಧಾನ ಹೇಳಿದ. "ಮೊದಲ್ನೇ ವಾರ ಕೂಟಂ ಜಾಸ್ತಿಮ್ಮಾ. ಮುಂದಿನ ವಾರ ಹಸು ಕಮ್ಮಿ ಆಗ್ತದೆ, ಬೆಲೆ ಏರ್ತದೆ. ಪೊರುಮೆ."

ಮನೆಗೆ ಬಂದು ಅಮ್ಮ ಲಚ್ಚಿಯನ್ನು ಕರೆದಾಗ ಕತ್ತಲಾಗಿತ್ತು. ತಂಬಿಗೆ ತುಂಬಿ, ಪಾತ್ರೆ ತುಂಬಿ, ಹಾಲು ಬರುತ್ತಲೇ ಇತ್ತು. ಲಚ್ಚಿ ಒಂದೊಂದು ಎಳೆತಕ್ಕೂ ಉಸಿರು ಬಿಡುತ್ತಿದ್ದಳು. ಅಪ್ಪ ಮೆಲ್ಲಗೆ ಎಂದರು, "ಟೀಚರಮ್ಮನ್ನೇ ಕೇಳವಾ ಕಣೇ. ಅರವತ್ತೈದಕ್ಕೆ ಕೊಟ್ಬುಡವಾ."

"ನಾವಾಗೇ ಹೋಗಿ ಮನೆ ಬಾಗ್ಲು ತಟ್ಟುದ್ರೆ ಅರವತ್ತೈದು ಐವತ್ತಾಯ್ತದೆ. ಸಂತೇಲಿ ಬೆಲೆ ಇಲ್ಲ ಅಂತ ಅವ್ರಿಗೂ ಗೊತ್ತಿರತದೆ. ಇನ್ನೊಂದು ವಾರ ನೋಡವಾ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ವ್ಯಾಪಾರದಲ್ಲಿ ಮೊದಲು ಬಾಗಿಲು ತಟ್ಟಿದವನೇ ಸೋತವನು. ಟೀಚರಮ್ಮ ಬೇರೆ ಥರದ ಮನುಷ್ಯರು ಎಂಬುದು ಅಮ್ಮನ ಲೆಕ್ಕಕ್ಕೆ ಆಗ ಸಿಕ್ಕಿರಲಿಲ್ಲ ಅಷ್ಟೆ.

ಮುಂದಿನ ಗುರುವಾರ ಸಂಜೆ ಮತ್ತೆ ಕೆಚ್ಚಲು ಕಟ್ಟಿಸಿದರು. ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಗೂಡ್ಸ್ ಗಾಡಿ ಬರಬೇಕಿತ್ತು. ಬರಲಿಲ್ಲ. ಹೆದ್ದಾರಿಯಲ್ಲಿ ಯಾವುದೋ ಟ್ರೈಲರ್ ಅಡ್ಡಬಿದ್ದು, ಸೂಳಗಿರಿ ದಾಟಿದ ಮೇಲೆ ಗಾಡಿಗಳೆಲ್ಲ ನಿಂತಿವೆಯಂತೆ. ಗಾಡಿಯವನಿಗೆ ಫೋನ್ ಮಾಡಿದಾಗಲೆಲ್ಲ "ಇದೋ ಬಂದೆ, ವಂದುಟ್ಟೇ ಇರುಕ್ಕೇನ್" ಎನ್ನುತ್ತಿದ್ದ. ನಾವು ಇದೋ ಬಂದ, ಇದೋ ಬಂದ ಎಂದು ಹೆದ್ದಾರಿ ಕಡೆ ನೋಡುತ್ತ ಕೂತೆವು. ಬಿಸಿಲು ಏರಿತು. ಲಚ್ಚಿಯ ಕೆಚ್ಚಲು ಉಬ್ಬಿ ಹೊಳೆಯತೊಡಗಿತು. ಹಿಂಗಾಲು ಅಗಲಿಸಿಕೊಂಡು ನಿಂತವಳು ಕೂಗಲು ಶುರುಮಾಡಿದಳು. ಅದು ಹುಲ್ಲಿಗೆ ಕೂಗುವ ಕೂಗಲ್ಲ.

"ಅಮ್ಮಾ, ಕರೆದ್ಬುಡಮ್ಮ," ಎಂದೆ.

"ಈಗ ಕರೆದ್ರೆ ನೆನ್ನೆಯಿಂದ ಕಟ್ಟಿದ್ದೆಲ್ಲಾ ದಂಡ. ಗಾಡಿ ಬತ್ತದೆ."

"ಬರ್ದಿದ್ರೆ?"

"ಬತ್ತದೆ ಅಂದ್ನಲ್ಲ!"

ಮತ್ತೆ ಸ್ವಲ್ಪ ಹೊತ್ತಿಗೆ ನಾನು ಪಾತ್ರೆ ತಂದೆ. ಸದ್ದಿಗೆ ಲಚ್ಚಿ ಕಿವಿ ನಿಮಿರಿಸಿದಳು. ಅಮ್ಮ ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡು ಒಳಗಿಟ್ಟಳು. ಅವಳ ಕಣ್ಣು ತುಂಬಿತ್ತು. ಅವಳು ಕಲ್ಲು ಮನಸ್ಸಿನವಳಲ್ಲ. ಆದರೆ ಇಷ್ಟು ಹೊತ್ತು ಕಾದದ್ದು ದಂಡವಾಗಬಾರದು ಎಂದು ಇನ್ನಷ್ಟು ಕಾದಳು, ಅದೂ ದಂಡವಾಗಬಾರದು ಎಂದು ಮತ್ತಷ್ಟು. ಕಾಯುವವರಿಗೆ ಯಾವಾಗ ಏಳಬೇಕು ಎಂದು ಯಾರು ಹೇಳಿಕೊಡುತ್ತಾರೆ? ಗಾಡಿ ಆವತ್ತು ಬರಲೇ ಇಲ್ಲ. ಬಿಸಿಲು ಇಳಿದ ಮೇಲೆ, ಸಂತೆ ಮುಗಿದೇ ಹೋಗಿರುತ್ತದೆ ಎಂದು ಖಾತ್ರಿಯಾದ ಮೇಲೆ, ಅಮ್ಮ ಪಾತ್ರೆ ಹಿಡಿದು ಕೂತಳು. ಬಲಗಡೆಯ ಎರಡು ತೊಟ್ಟು ಮುಟ್ಟಿಸಿಕೊಳ್ಳಲಿಲ್ಲ, ಲಚ್ಚಿ ಒದ್ದಳು. ಹುಟ್ಟಿದಾಗಿನಿಂದ ಅವಳು ಅಮ್ಮನನ್ನು ಒದ್ದದ್ದು ಅದೊಂದೇ ಸಲ.

ಮರುದಿನ ಆ ಬದಿಯ ಕೆಚ್ಚಲು ಕಲ್ಲಾಗಿತ್ತು. ಹಿಂಡಿದರೆ ಮೊಸರಿನಂಥ ಗರಣೆ, ಅದರ ಹಿಂದೆ ಕೆಂಪು ನೀರು. ಕೆಚ್ಚಲು ಬಾವು. ದನದ ಡಾಕ್ಟರು ತೊಟ್ಟಿನೊಳಗೆ ಮದ್ದು ಏರಿಸಿದರು, ಸೂಜಿ ಚುಚ್ಚಿದರು, ಲೋಳೆಸರ ಅರಿಶಿನ ಸುಣ್ಣ ರುಬ್ಬಿ ದಿನವಿಡೀ ಹಚ್ಚುತ್ತಲೇ ಇರಿ ಎಂದರು. "ವಾಸಿಯಾದ್ರೂ ಆಗಬಹುದು. ಆ ಎರಡು ತೊಟ್ಟು ಸತ್ತರೂ ಸಾಯಬಹುದು. ಕಾಯಬೇಕು," ಎಂದರು. ಕಾಯಬೇಕು ಎಂಬ ಮಾತು ಕೇಳಿ ಅಮ್ಮ ನಕ್ಕುಬಿಟ್ಟಳು. ಆ ನಗು ನೆನಪಾದರೆ ನನಗೆ ಈಗಲೂ ಎದೆ ಉರಿಯುತ್ತದೆ.

ತೊಟ್ಟು ಸತ್ತ ಹಸುವನ್ನು ಸಾಕುವವರು ಕೊಳ್ಳುವುದಿಲ್ಲ. ಅದಕ್ಕೆ ಉಳಿದಿರುವುದು ಒಂದೇ ದಾರಿ, ಕಸಾಯಿಖಾನೆಗೆಂದು ಕೇರಳದ ಕಡೆ ಹೋಗುವ ಲಾರಿ. ನಮ್ಮ ಬಾಗಿಲ ಮುಂದೆಯೇ ಹೆದ್ದಾರಿ. ಆ ಲಾರಿಗಳು ಹೇಗಿರುತ್ತವೆ, ಒಳಗೆ ಹೇಗೆ ಕಟ್ಟಿರುತ್ತಾರೆ, ನಾವು ದಿನಾ ಕಂಡವರೇ. ಅಮ್ಮನಿಗೆ ಆಮೇಲೆ ಅಡ್ವಾನ್ಸೂ ಬೇಡವಾಯಿತು, ಎಪ್ಪತ್ತೂ ಬೇಡವಾಯಿತು. ಲಚ್ಚಿ ಯಾರದಾದರೂ ಕೊಟ್ಟಿಗೆಗೆ ಹೋಗಲಿ, ಲಾರಿಗೆ ಬೇಡ. ಅಷ್ಟೇ ಅವಳ ಬೇಡಿಕೆ. ಕಾಲೇಜಿಗೆ ಚಕ್ಕರ್ ಹೊಡೆದು ನಾನು ಲೋಳೆಸರ ಹುಡುಕಿ ತರುತ್ತಿದ್ದೆ. ಕಾಂಪೌಂಡುಗಳ ಪಕ್ಕ ದೃಷ್ಟಿಗೆಂದು ನೆಟ್ಟವನ್ನೂ ಬಿಡಲಿಲ್ಲ. ಅಮ್ಮ ರುಬ್ಬುತ್ತಿದ್ದಳು. ಸುಣ್ಣ ಬಿದ್ದ ಕೂಡಲೇ ಅರಿಶಿನ ಕೆಂಪಗೆ ತಿರುಗುತ್ತಿತ್ತು. ಅವಳ ಅಂಗೈ ಇಡೀ ತಿಂಗಳು ಆ ಬಣ್ಣ ಬಿಡಲಿಲ್ಲ.

ಆ ಮಧ್ಯೆ ಟೀಚರಮ್ಮ ಇನ್ನೊಂದು ಸಲ ಬಂದರು. ಎಲ್ಲೂ ಒಳ್ಳೆಯ ಹಸು ಸಿಕ್ಕಿರಲಿಲ್ಲವಂತೆ. ಅದೇ ಬೆಳಿಗ್ಗೆ ಗೋವಿಂದಣ್ಣ ಬಂದು ಕಿವಿಯೂದಿ ಹೋಗಿದ್ದ. ಒಂದು ಸೂಜಿ ಹಾಕಿಸಿದರೆ ಬಾವು ಇಳಿದಂತೆ ಕಾಣುತ್ತದೆ, ನಾಕು ದಿನ ಯಾರಿಗೂ ಗೊತ್ತಾಗುವುದಿಲ್ಲ, ಟೀಚರಮ್ಮ ಹಲ್ಲು ಕೂಡ ನೋಡದವರು ಎಂದು. ಅಪ್ಪ ಬಾಗಿಲಲ್ಲಿ ನಿಂತು ಅಮ್ಮನನ್ನೇ ನೋಡಿದರು. ಅಮ್ಮ ಟೀಚರನ್ನು ನೇರ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಅವರ ಕಣ್ಣೆದುರೇ ಬಲಗಡೆಯ ತೊಟ್ಟು ಹಿಂಡಿ ಅಂಗೈಯಲ್ಲಿ ಹಿಡಿದು ತೋರಿಸಿದಳು.

"ನಾನೇ ಕೆಡಿಸಿಕೊಂಡೆ ಟೀಚರಮ್ಮ. ಆಸೆ ಬಿದ್ದು."

ಟೀಚರಮ್ಮ ಲಚ್ಚಿಯ ಗಂಗೆದೊಗಲು ಸವರಿದರು. ಆಮೇಲೆ, "ಮನೆಯವರು ಒಪ್ಪಲ್ಲ ಜಯಮ್ಮ. ರೋಗದ ವರ್ಷ, ಇರೋ ಹಸುಗಳ ಪಕ್ಕ ಕಾಯಿಲೆ ಹಸು ಕಟ್ಟಬೇಡ ಅಂತಾರೆ. ಆದ್ರೆ ಒಂದು ಮಾತು. ಹಾಲು ಕಾಯಿಸಿ ನೋಡ್ತಿರಿ. ಆ ತೊಟ್ಟಿನ ಹಾಲು ಒಡೀದೇ ಇದ್ದ ದಿನ ನನಗೆ ಫೋನ್ ಮಾಡಿ. ಆವತ್ತೇ ಬಂದು ಹೊಡ್ಕೊಂಡು ಹೋಗ್ತೀನಿ. ಅದೇ ಬೆಲೆಗೆ," ಎಂದರು. ಕರುವಿಗೆ ಈ ಹಾಲು ಸಾಲದು, ಅದನ್ನು ಈಗಲೇ ಕೊಡಿ, ತಾಯಿ ಬರುವವರೆಗೆ ನಮ್ಮ ಹಸುವಿನ ಹಾಲು ಕುಡಿದುಕೊಂಡಿರಲಿ ಎಂದು ಕರುವನ್ನು ಆಟೋದಲ್ಲಿ ಹತ್ತಿಸಿಕೊಂಡು ಹೋದರು.

ಅಲ್ಲಿಂದ ನಮ್ಮ ಮನೆಯ ದಿನ ಶುರುವಾಗುತ್ತಿದ್ದದ್ದೇ ಒಂದು ಪುಟ್ಟ ಪಾತ್ರೆಯಿಂದ. ಎಡಗಡೆಯ ಹಾಲು ಬೇರೆ ಕರೆದು, ಬಲಗಡೆಯದನ್ನು ಒಂದು ಲೋಟದಷ್ಟು ಆ ಪಾತ್ರೆಗೆ ಹಿಂಡಿ ಅಮ್ಮ ಒಲೆಯ ಮೇಲಿಡುತ್ತಿದ್ದಳು. ಮೂವರೂ ಒಲೆ ಸುತ್ತ ನಿಲ್ಲುತ್ತಿದ್ದೆವು. ಹಾಲು ಬಿಸಿಯಾಗಿ, ಅಂಚಿನಲ್ಲಿ ಗುಳ್ಳೆ ಎದ್ದು, ಇನ್ನೇನು ಉಕ್ಕಬೇಕು ಎನ್ನುವಾಗ ಟಪ್ಪನೆ ಒಡೆದು ನೀರು ಬೇರೆ ಗರಣೆ ಬೇರೆ ಆಗುತ್ತಿತ್ತು. ಅಪ್ಪ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋಗುತ್ತಿದ್ದರು. ಅಮ್ಮ ಅದನ್ನು ಗಿಡಕ್ಕೆ ಚೆಲ್ಲಿ ಲೋಳೆಸರ ರುಬ್ಬಲು ಕೂರುತ್ತಿದ್ದಳು. ದಿನವೂ ಅದೇ. ಪರೀಕ್ಷೆಯ ಫಲಿತಾಂಶವನ್ನು ದಿನಾ ಬೆಳಿಗ್ಗೆ ನೋಡಿ ದಿನಾ ಫೇಲಾದ ಹಾಗೆ.

ಲಚ್ಚಿಯನ್ನು ಕೆಲವು ವಾರ ಎಲ್ಲಾದರೂ ಬಿಡಲು ಅಮ್ಮ ತುಳಿಯದ ಮೆಟ್ಟಿಲಿಲ್ಲ. ಕೊಟ್ಟಿಗೆ ಇದ್ದವರೆಲ್ಲ ಗಂಟು ರೋಗದ ಹೆದರಿಕೆಯಲ್ಲಿದ್ದರು. ಇದು ಅದಲ್ಲ, ಇದು ಅಂಟುವುದಿಲ್ಲ ಎಂದರೆ, "ಇರ್ಬೋದಮ್ಮ, ಆದ್ರೂ ಬ್ಯಾಡ" ಎಂದು ಬಾಗಿಲು ಹಾಕಿಕೊಂಡರು. ಇತ್ತ ಬಯಲಿಗೆ ಜೆಸಿಬಿ ಬಂತು. ಸಾಲುಮನೆಗಳ ಒಂದು ತುದಿಯಿಂದ ಕೆಡವಲು ಶುರುಮಾಡಿದರು, ನಮ್ಮದು ಇನ್ನೊಂದು ತುದಿ. ನೀರು ನಿಂತಿತು, ಕರೆಂಟು ನಿಂತಿತು. ಒಂದು ಬೆಳಿಗ್ಗೆ ಅಮ್ಮ ಆ ಪುಟ್ಟ ಪಾತ್ರೆಯನ್ನು ತೊಳೆದು, ಸಾಮಾನಿನ ಮೂಟೆಯೊಳಗೆ ತುರುಕಿದಳು.

"ಇವತ್ತು ಕಾಯಿಸಲ್ವಾ?" ಎಂದೆ.

"ಇನ್ನು ನನ್ ಕೈಲಿ ನೋಡಕ್ಕಾಗಲ್ಲ ಕಣೇ ಬಾಗ್ಯ."

ಆಮೇಲೆ ಬಲಗಡೆಯ ಹಾಲನ್ನು ಅವಳು ಮುಖ ಆ ಕಡೆ ತಿರುಗಿಸಿ ನೆಲಕ್ಕೇ ಕರೆಯುತ್ತಿದ್ದಳು. ಲೋಳೆಸರ ಹಚ್ಚುವುದನ್ನು ಮಾತ್ರ ಬಿಡಲಿಲ್ಲ. ಬಾವು ಇಳಿದ ಹಾಗಿದೆ ಎಂದು ನನಗೆ ಅನ್ನಿಸುತ್ತಿತ್ತು, ಆದರೆ ಆಸೆ ಪಡುವ ಶಕ್ತಿ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ಗೋವಿಂದಣ್ಣ ಗಾಡಿ ತಂದದ್ದು ಮನೆ ಬಿಡುವ ದಿನ ಬೆಳಿಗ್ಗೆ. ಲಚ್ಚಿಯನ್ನು ಕಟ್ಟಲು ಎಲ್ಲೂ ಜಾಗ ಸಿಗದೆ ಅಮ್ಮ ಕೊನೆಗೆ ಆ ಕೇರಳದ ಲಾರಿಗೇ ಒಪ್ಪಿದ್ದಳು. ಇಪ್ಪತ್ತೆರಡು ಸಾವಿರ. ಟವೆಲ್ ಮುಚ್ಚಲಿಲ್ಲ, ಬೆರಳು ಹಿಡಿಯಲಿಲ್ಲ, ಎಲ್ಲರೆದುರೂ ಬಾಯಲ್ಲೇ ಹೇಳಿದ. ಬಚ್ಚಿಡುವಂಥ ಬೆಲೆ ಅದಾಗಿರಲಿಲ್ಲ. ಲಚ್ಚಿಗೆ ಬರುವ ಹಣದಲ್ಲಿ ಎರಡು ಕೋಣೆಯ ಮನೆಯ ಅಡ್ವಾನ್ಸ್ ಆಗುವುದಿಲ್ಲವೆಂದು ಅಪ್ಪ ಮೊದಲೇ ರಾಯಕೋಟೆ ರಸ್ತೆಯಲ್ಲಿ ಮೂರನೇ ಮಹಡಿಯ ಒಂದೇ ಕೋಣೆಗೆ ಮಾತಾಡಿದ್ದರು. ಇನ್ನೊಂದು ಗಾಡಿಯಲ್ಲಿ ನಮ್ಮ ಮಂಚ, ಬೀರು, ಪಾತ್ರೆಗಳು. ಲಚ್ಚಿ ಹಲಗೆಯ ಮೇಲೆ ತಾನೇ ಹತ್ತಿದಳು. ಸಂತೆಗೆ ಹೋಗಿ ಬಂದ ಅಭ್ಯಾಸ. ಸಂಜೆ ವಾಪಸು ಬರುತ್ತೇನೆ ಎಂದುಕೊಂಡಿರಬೇಕು.

ಅಷ್ಟರಲ್ಲಿ ನಮ್ಮ ಗಾಡಿಗೆ ಪಾತ್ರೆ ಏರಿಸುತ್ತಿದ್ದವರ ಕೈ ಜಾರಿ ಹಾಲಿನ ಪಾತ್ರೆ ಹಲಗೆಗೆ ಬಡಿಯಿತು. ಠಣ್ ಎಂದಿತು. ಆ ಸದ್ದಿಗೆ ಲಚ್ಚಿ ಕಿವಿ ನಿಮಿರಿಸಿ, ಹಿಂಗಾಲು ಅಗಲಿಸಿ, ಅಲ್ಲೇ ಸೊರೆಬಿಟ್ಟಳು. ತೊಟ್ಟುಗಳಿಂದ ಹಾಲು ಗಾಡಿಯ ಹಲಗೆಯ ಮೇಲೆ ತೊಟ್ಟಿಕ್ಕತೊಡಗಿತು. ಬೆಳಿಗ್ಗೆ ಗಡಿಬಿಡಿಯಲ್ಲಿ ಅವಳನ್ನು ಕರೆದಿರಲಿಲ್ಲ.

ಅಮ್ಮ ಪಾತ್ರೆ ಕಸಿದುಕೊಂಡು ಗಾಡಿ ಹತ್ತಿದಳು.

"ಯಮ್ಮಾ, ನೇರಮಾಯ್ಡುಚ್ಚು! ಲೇಟಾಯ್ತು, ಇಳಿಯಮ್ಮಾ," ಎಂದು ಗೋವಿಂದಣ್ಣ ಕೂಗಿದ.

"ಕಟ್ಟಿದ ಕೆಚ್ಚಲಲ್ಲಿ ಇವಳನ್ನ ಇನ್ನೊಂದು ಸಲ ಕಳಿಸಲ್ಲ ಕಣಯ್ಯಾ. ಸುಮ್ನಿರು," ಎಂದು ಅಮ್ಮ ಗದರಿದ ಗದರಿಕೆಗೆ ಜೆಸಿಬಿಯವನೂ ಎಂಜಿನ್ ಆರಿಸಿ ನೋಡಿದ. ಅವಳು ಲಚ್ಚಿಯ ಹೊಟ್ಟೆಗೆ ಹಣೆ ಆನಿಸಿ ಕೂತು ಕರೆದಳು. ಎಡ ಬಲ ಎಂದು ನೋಡಲಿಲ್ಲ, ನಾಲ್ಕೂ ತೊಟ್ಟಿನ ಹಾಲು ಒಂದೇ ಪಾತ್ರೆಗೆ. ಲಚ್ಚಿ ಒದೆಯಲಿಲ್ಲ, ಕದಲಲಿಲ್ಲ. ಕೊನೆಯ ಹನಿಯವರೆಗೂ ಹಿಂಡಿ, ಸೆರಗಿನಿಂದ ಕೆಚ್ಚಲು ಒರೆಸಿ, ಅಮ್ಮ ಇಳಿದಳು. ಗಾಡಿ ಕೃಷ್ಣಗಿರಿ ಕಡೆ ತಿರುಗಿತು.

ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕಲ್ಲ. ಸಾಮಾನೆಲ್ಲ ಮೇಲೆ ಸಾಗಿಸಿ, ಒಲೆ ಹೂಡುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕೆಳಗಿನ ಮನೆಯ ಹೆಂಗಸು ಅರಿಶಿನ ಕುಂಕುಮಕ್ಕೆಂದು ಬಂದು ನಿಂತಿದ್ದರು. ಅಪ್ಪ ಪ್ಯಾಕೆಟ್ ಹಾಲು ತಂದಿದ್ದರು. ಅಮ್ಮ ಅದನ್ನು ಪಕ್ಕಕ್ಕೆ ಸರಿಸಿ, ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದ ಲಚ್ಚಿಯ ಹಾಲನ್ನು ಒಲೆಯ ಮೇಲಿಟ್ಟಳು.

"ಬ್ಯಾಡ ಕಣೇ. ಮನೆಗೆ ಬಂದ ದಿನ ಹಾಲು ಒಡೆದ್ರೆ ಅಪಶಕುನ," ಎಂದರು ಅಪ್ಪ.

"ಒಡೆದ್ರೆ ಒಡೀಲಿ. ಇನ್ನೇನು ಕೆಡೋದುಳಿದೈತೆ?"

ಮೂವರೂ ಒಲೆ ಸುತ್ತ ನಿಂತೆವು, ಹಿಂದಿನ ಹಾಗೆಯೇ. ಅಂಚಿನಲ್ಲಿ ಗುಳ್ಳೆ ಎದ್ದಿತು. ನಾನು ಕಣ್ಣು ಮುಚ್ಚಿಕೊಂಡೆ. ಟಪ್ಪನೆಯ ಸದ್ದು ಬರಲಿಲ್ಲ. ಕಣ್ಣು ಬಿಟ್ಟಾಗ ಹಾಲು ಬೆಳ್ಳಗೆ ಕೆನೆಗಟ್ಟಿ ಮೇಲೇರುತ್ತಿತ್ತು. ಏರಿತು, ಪಾತ್ರೆಯ ಕಂಠ ದಾಟಿತು, ಪೂರ್ವದ ಕಡೆಗೆ ಉಕ್ಕಿ ಒಲೆಯ ಮೇಲೆ ಹರಿಯಿತು. "ಒಳ್ಳೇ ಶಕುನ ಕಣಮ್ಮಾ," ಎಂದು ಕೆಳಮನೆಯ ಹೆಂಗಸು ಕೈ ಮುಗಿದರು.

ಒಲೆ ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಪ್ಪ ಗೋವಿಂದಣ್ಣನಿಗೆ ಫೋನ್ ಮಾಡಿದರು. ಹಸು ಕೃಷ್ಣಗಿರಿಯಲ್ಲೇ ದೊಡ್ಡ ಲಾರಿಗೆ ಬದಲಾಯಿತು, ಲಾರಿ ಸೇಲಂ ದಾಟಿರುತ್ತದೆ, ಇನ್ನು ಅದು ಯಾರ ಕೈಯಲ್ಲೂ ಇಲ್ಲ ಎಂದು ಅವನು ಹೇಳಿದ್ದು ಫೋನಿನ ಆಚೆಗೂ ಕೇಳಿಸಿತು. ಅಪ್ಪ ಫೋನ್ ಕೆಳಗಿಟ್ಟು ಗೋಡೆಗೆ ಒರಗಿ ಕೂತರು.

ಅಮ್ಮ ಪಾತ್ರೆಯೊಳಗೆ ಸೌಟು ಹಾಕಿ ಕದಡಿದಳು, ಎತ್ತಿ ನೋಡಿದಳು, ಮತ್ತೆ ಕದಡಿದಳು. ಒಂದು ಗರಣೆಯೂ ಇರಲಿಲ್ಲ.

"ಟೀಚರಮ್ಮಂಗೆ ಫೋನ್ ಮಾಡೇ ಬಾಗ್ಯ," ಎಂದಳು. "ಒಡೀದಿದ್ದ ದಿನ ಹೇಳಿ ಅಂದಿದ್ರಲ್ಲ. ಒಡೀಲಿಲ್ಲ ಅಂತ ಹೇಳು."

ನಾನು ನಂಬರ್ ಒತ್ತಿದೆ. ಟೀಚರಮ್ಮ "ಹಲೋ" ಎಂದರು. ಅವರ ಹಿಂದೆ ಕರು ಕೂಗುತ್ತಿತ್ತು.